ಫಿಟ್ಟಿಯಲ್ಲಿ ಯಾರೂ ಬಾಗಿಲು ತಟ್ಟುವುದಿಲ್ಲ

ಡನೀಡಿನ್, ನ್ಯೂಜಿಲೆಂಡ್
2 ಸೆಪ್ಟೆಂಬರ್ 1958

ಮಗಳು ಗ್ರಿಜೆಲ್‌ಗೆ,

ನೀನು ಜಿಲ್ ಎಂದು ಎಷ್ಟು ಸಲ ಸಹಿ ಹಾಕಿದರೂ ನಾನು ಗ್ರಿಜೆಲ್ ಎಂದೇ ಬರೆಯುವವಳು. ನಾಮಕರಣದಲ್ಲಿ ಇಟ್ಟ ಹೆಸರನ್ನು ಅರ್ಧಕ್ಕೆ ಕತ್ತರಿಸಿಕೊಂಡು ಓಡಾಡುವುದು ನನಗೆ ಹಿಡಿಸುವುದಿಲ್ಲ.

ನೀನು ಹಡಗು ಇಳಿಯುವ ಹೊತ್ತಿಗೆ ಈ ಕಾಗದ ಹಡಗಿನ ಕಚೇರಿಯಲ್ಲಿ ಕಾದಿರುತ್ತದೆ, ಆಸ್ಪತ್ರೆ ಕೆಲಸಕ್ಕೆ ಅಬರ್ಡೀನ್ ರೈಲು ಹತ್ತುವ ಮೊದಲೇ ಓದಿಕೋ. ಊರು ಗೊತ್ತಿಲ್ಲದವಳು ನೀನು, ಹೇಳಿದ ಹಾಗೆ ಮಾಡು. ಸ್ಟೇಷನ್ನಿನಿಂದ ಹೊರಗೆ ಬಂದು ಏರು ರಸ್ತೆ ಹತ್ತಿದರೆ ಯೂನಿಯನ್ ಸ್ಟ್ರೀಟ್. ಅಲ್ಲಿ ಕಾಸಲ್‌ಗೇಟ್ ಕಡೆಗೆ ಹೋಗುವ ಟ್ರಾಮ್ ಹತ್ತು. ನಿಮ್ಮಪ್ಪ ಆ ಟ್ರಾಮಿನಲ್ಲೇ ಟಿಕೆಟ್ ಕೊಡುತ್ತಿದ್ದರು. ನನ್ನ ಬುಟ್ಟಿ ಒಳಗೆ ತರಕೂಡದು ಎಂದು ಜಗಳ ತೆಗೆದಿದ್ದೂ ಅಲ್ಲೇ. ಮದುವೆ ಆಗುವವರೆಗೂ ಆ ಜಗಳ ಮುಗಿಯಲಿಲ್ಲ. ಅವರು ಇದ್ದಿದ್ದರೆ ಊರಿನ ಸುದ್ದಿ ಕೇಳಲು ನಿನ್ನ ಒಂದೊಂದು ಕಾಗದಕ್ಕೂ ಗೇಟಿನಲ್ಲಿ ನಿಂತು ಕಾಯುತ್ತಿದ್ದರು.

ಅಲ್ಲಿನ ಜನ ತಾವಾಗಿ ಮೊದಲು ಮಾತಾಡುವುದಿಲ್ಲ. ಗರ್ವ ಎಂದುಕೊಳ್ಳಬೇಡ, ಅಳೆದು ನೋಡುತ್ತಿರುತ್ತಾರೆ ಅಷ್ಟೆ. ಬೆಳಿಗ್ಗೆ ರೋವಿ ತಿನ್ನು. ನೋಡಲು ಯಾರೋ ಮೇಲೆ ಕೂತೆದ್ದ ಬನ್ನಿನ ಹಾಗಿರುತ್ತದೆ, ಉಪ್ಪುಪ್ಪಾಗಿ ಚೆನ್ನಾಗಿರುತ್ತದೆ. ಕೋಟಿನ ಗುಂಡಿ ಕತ್ತಿನವರೆಗೂ ಹಾಕಿಕೋ.

ಬಂದರಿನ ಬಾಯಿಯ ಕಡೆ ಮಾತ್ರ ಹೋಗಬೇಡ. ಅಲ್ಲಿ ಗಾಳಿ, ಮೀನಿನ ವಾಸನೆ ಬಿಟ್ಟರೆ ಏನೂ ಇಲ್ಲ. ನಮ್ಮವರು ತಮ್ಮವರು ಎಂದು ಹುಡುಕುತ್ತಲೂ ಕೂರಬೇಡ. ಆ ಊರಿನಲ್ಲಿ ನನಗೆ ಯಾರೂ ಇಲ್ಲ.

ನಿನ್ನ ಅಮ್ಮ,
ಎಲ್ಸ್‌ಪೆತ್


ಅಬರ್ಡೀನ್
14 ಸೆಪ್ಟೆಂಬರ್ 1958

ಪ್ರೀತಿಯ ಅಮ್ಮ,

ನಿನ್ನ ಟ್ರಾಮ್ ಇಲ್ಲ. ಯೂನಿಯನ್ ಸ್ಟ್ರೀಟಿನಲ್ಲಿ ಪೆಟ್ಟಿಗೆ ಹಿಡಿದು ಅರ್ಧ ಗಂಟೆ ನಿಂತಿದ್ದೆ. ಕೊನೆಗೆ ಒಬ್ಬ ಮುದುಕ ಹತ್ತಿರ ಬಂದು, ಈ ಮೇ ತಿಂಗಳಲ್ಲೇ ಟ್ರಾಮ್ ನಿಂತು ಹೋಯಿತು, ಇನ್ನೆಷ್ಟು ಹೊತ್ತು ಕಾಯುತ್ತೀಯೋ ನೋಡೋಣ ಎಂದು ಎದುರಿಗೆ ನಿಂತಿದ್ದೆ ಎಂದ. ನೀನು ಹೇಳಿದ್ದು ನಿಜ, ಅಳೆದು ನೋಡುತ್ತಾರೆ.

ಊರೆಲ್ಲ ಒಂದೇ ಬೂದು ಕಲ್ಲು. ಮೊದಲ ದಿನ ಜೈಲಿಗೆ ಬಂದ ಹಾಗೆನಿಸಿ ಅತ್ತುಬಿಟ್ಟೆ. ಮರುದಿನ ಮಳೆ ನಿಂತು ಬಿಸಿಲು ಬಿತ್ತು ನೋಡು, ಇಡೀ ಬೀದಿಗೆ ಯಾರೋ ಉಪ್ಪು ಎರಚಿದ ಹಾಗೆ ಮಿನುಗಿತು. ಇದನ್ನು ನೀನು ಒಂದು ಸಲವೂ ಹೇಳಿರಲಿಲ್ಲ.

ನಾನಿರುವ ಮನೆಯ ಒಡತಿ ಮಿಸೆಸ್ ಮಚ್. ಬಾಗಿಲಿಗೆ ಎರಡು ಚಿಲಕ, ಬಾಯಿಗೆ ಒಂದೂ ಇಲ್ಲ. ರಾತ್ರಿ ಊಟಕ್ಕೆ ಹುರಿದ ಮೀನು ಕೊಟ್ಟಳು. ನಾನು ತಿಂದ ತಟ್ಟೆಯನ್ನೇ ದಿಟ್ಟಿಸಿ ನೋಡಿ, ನಿಮ್ಮಮ್ಮ ಯಾವ ಮನೆಯವಳು ಎಂದು ಕೇಳಿದಳು. ಲೈಪರ್ ಎಂದೆ. "ಹಂಗನ್ನು. ಫಿಟ್ಟಿಯವರು ನೀವು. ಮುಳ್ಳು ಬಿಡಿಸೋದು ನೋಡಿದಾಗ್ಲೇ ಅಂದ್ಕೊಂಡೆ" ಎಂದು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡಳು. ಫಿಟ್ಟಿ ಎಂದರೆ ಬಂದರಿನ ಬಾಯಿಯಲ್ಲಿರುವ ಮೀನುಗಾರರ ಕೇರಿಯಂತೆ. ಊರಿನಲ್ಲಿ ಲೈಪರ್ ಎಂಬ ಹೆಸರಿದ್ದರೆ ಅಲ್ಲೇ ಅಂತೆ.

ಅಮ್ಮ, ನೀನು ಮೀನುಗಾರರ ಮನೆಯವಳೇ? ಅಪ್ಪ ಜಗಳ ತೆಗೆದದ್ದು ಮೀನಿನ ಬುಟ್ಟಿಗಾ? ನನಗೆ ಇಪ್ಪತ್ತೇಳು ವರ್ಷ. ಈ ವಿಷಯ ಪರರ ಅಡಿಗೆಮನೆಯಲ್ಲಿ ತಿಳಿಯಬೇಕಾಯಿತೇ ಎಂದು ಬೇಸರವಾಯಿತು. ಎರಡು ವಾರದ ಮೇಲೆ ಒಂದು ಶನಿವಾರ ರಜೆ ಇದೆ, ಹೋಗಿ ನೋಡಿ ಬರುತ್ತೇನೆ.

ನಿನ್ನ,
ಜಿಲ್


ಡನೀಡಿನ್
23 ಸೆಪ್ಟೆಂಬರ್ 1958

ಗ್ರಿಜೆಲ್,

ನಿನ್ನ ಕಾಗದ ಇವತ್ತು ಬಂತು, ಇವತ್ತೇ ಬರೆಯುತ್ತಿದ್ದೇನೆ. ಆ ಮಿಸೆಸ್ ಮಚ್‌ಗೆ ತನ್ನ ಒಲೆ ನೋಡಿಕೊಳ್ಳಲು ಹೇಳು.

ಫಿಟ್ಟಿಗೆ ಹೋಗಬೇಡ. ಹೌದು, ನಾನು ಅಲ್ಲಿಯವಳೇ. ಅಲ್ಲಿನವರು ಅಲ್ಲಿನವರನ್ನೇ ಮದುವೆಯಾಗಬೇಕು. ನಾನು ಟ್ರಾಮಿನವನನ್ನು ಒಪ್ಪಿದೆ. ಹೊರಡುವ ದಿನ ನನ್ನಪ್ಪ ಬಾಗಿಲಲ್ಲಿ ನಿಂತು, "ನಾನಾಗಿ ಕಾಗದ ಬರೆಯೋ ತನಕ ನಿನ್ನಿಂದ ಒಂದು ಅಕ್ಷರ ಈ ಮನೆಗೆ ಬರಕೂಡದು" ಎಂದ. ಮೂವತ್ತು ವರ್ಷವಾಯಿತು, ಬರೆದಿಲ್ಲ. ಅಮ್ಮ ಪಕ್ಕದಲ್ಲೇ ನಿಂತಿದ್ದಳು, ತುಟಿ ಬಿಚ್ಚಲಿಲ್ಲ. ಅವರಿಗೆ ನಾನು ಬೇಡವಾದವಳು. ನನ್ನ ಮಗಳು ಹೋಗಿ ಅವರ ಬಾಗಿಲಲ್ಲಿ ನಿಲ್ಲುವುದು ನನಗೆ ಬೇಡ.

ಅಷ್ಟು ಹೇಳಿದರೆ ಅರ್ಥವಾಗುತ್ತದೆ ಎಂದುಕೊಂಡಿದ್ದೇನೆ.

ಅಮ್ಮ


ಅಬರ್ಡೀನ್
28 ಸೆಪ್ಟೆಂಬರ್ 1958, ಭಾನುವಾರ

ಅಮ್ಮ,

ನಿನ್ನೆ ಹೋಗಿದ್ದೆ. ನಿನ್ನಿಂದ ಇನ್ನೂ ಉತ್ತರ ಬಂದಿಲ್ಲ. ಬರಲಿ ಎಂದು ಕಾಯುವ ತಾಳ್ಮೆಯೂ ಉಳಿದಿಲ್ಲ.

ಕೇರಿ ಒಂದು ಚೌಕ. ಮನೆಗಳೆಲ್ಲ ಸಮುದ್ರಕ್ಕೆ ಬೆನ್ನು ಹಾಕಿ ಕೂತಿವೆ, ಬಾಗಿಲುಗಳೆಲ್ಲ ಒಳಗೆ ಮುಖ. ನೀರು ಹೊತ್ತು ಹೋಗುತ್ತಿದ್ದವಳನ್ನು ಲೈಪರ್ ಮನೆ ಯಾವುದು ಎಂದು ಕೇಳಿದೆ. ಎಲ್ಸ್‌ಪೆತ್ ಲೈಪರ್ ಇದ್ದ ಮನೆ ಎಂದ ಮೇಲೆ ಅವಳು ನನ್ನ ಮುಖ ನೋಡಿ ಮೂಲೆಯ ಮನೆಯತ್ತ ಕೈ ತೋರಿಸಿದಳು. ನಾನು ಹೋಗಿ ಬಾಗಿಲು ತಟ್ಟಿದೆ.

ತಟ್ಟಿದ್ದೇ ತಡ, ಚೌಕದ ಸುತ್ತ ಒಂದೊಂದೇ ಬಾಗಿಲು ತೆರೆಯಿತು. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಒಳಗಿನಿಂದ, "ಯಾರದು ತಟ್ಟೋರು? ಪಾದ್ರಿನಾ?" ಎಂಬ ದನಿ. ಬಾಗಿಲು ತೆರೆದವಳು ಒಬ್ಬ ಮುದುಕಿ. ಕುಳ್ಳಗೆ, ನೆಟ್ಟಗೆ, ಕಪ್ಪು ಶಾಲು. ನಾನು ಎಲ್ಸ್‌ಪೆತ್ ಲೈಪರಳ ಮಗಳು, ಹೆಸರು ಜಿಲ್, ಡನೀಡಿನ್‌ನಿಂದ ಬಂದಿದ್ದೇನೆ ಎಂದೆ.

ಅವಳ ಮುಖ ಒಂದು ಕ್ಷಣ ಏನಾಯಿತೋ ಹೇಳಲಾರೆ. ಆಮೇಲೆ ಗಟ್ಟಿಯಾಯಿತು.

"ಬೋ ಹುಡುಗಿ ಮಗಳು" ಎಂದಳು. "ನಿಮ್ಮಮ್ಮ ಬದುಕಿದಾಳಾ?"

ಇದ್ದಾಳೆ ಎಂದೆ.

"ಕೈ ಸರಿಯಿದ್ಯಾ ಅವಳಿಗೆ? ಹಂಗಿದ್ರೆ ನನ್ನ ಮಗಳು ಹೆಂಗೆ ಸತ್ತಳು ಅಂತ ಒಂದು ಸಾಲು ಬರೆಯೋಕೆ ಏನು ಬಂದಿತ್ತು ಅವಳಿಗೆ? ಬಾಯಿಗೆ ನೀರು ಬಿಟ್ಟೋರು ಯಾರು, ಏನಂದಳು ಕೊನೆಗೆ, ಒಂದು ಸಾಲು. ಮೂವತ್ತು ವರ್ಷ ಕೇಳ್ಕೊಂಡು ಕೂತಿದೀನಿ. ಹೋಗು ನೀನು."

ಬಾಗಿಲು ಮುಚ್ಚಿತು. ನಾನು ಗರ ಬಡಿದವಳ ಹಾಗೆ ನಿಂತಿದ್ದೆ. ನೀರು ಹೊತ್ತಿದ್ದವಳು, ಜೀನ್ ಗೈಯನ್ ಎಂದು ಅವಳ ಹೆಸರು, ಬಂದು ತೋಳು ಹಿಡಿದು ಕರೆದುಕೊಂಡು ಹೋದಳು. ಇಲ್ಲಿ ಯಾರೂ ಬಾಗಿಲು ತಟ್ಟುವುದಿಲ್ಲವಂತೆ, ಮನೆಯವರು, ನೆರೆಯವರು ಎಲ್ಲ ತಳ್ಳಿಕೊಂಡು ಒಳಗೆ ಹೋಗುವುದಂತೆ. ಆ ಮುದುಕಿಯ, ಇಲ್ಲಿನವರ ಬಾಯಲ್ಲಿ ಕಾಸ್ಟಿ ಅಜ್ಜಿಯ, ಬಾಗಿಲನ್ನು ಕೊನೆಯ ಸಲ ತಟ್ಟಿದ್ದು ಮಗಳ ಸಾವಿನ ಸುದ್ದಿ ತಂದ ಪಾದ್ರಿಯಂತೆ. ಬೇಜಾರು ಮಾಡಿಕೊಳ್ಳಬೇಡ ಎಂದು ಹೇಳುತ್ತಲೇ ಜೀನ್ ನನ್ನನ್ನು ಸೇಂಟ್ ಕ್ಲೆಮೆಂಟ್ಸ್ ಇಗರ್ಜಿಯ ಹಿಂದಿನ ಸ್ಮಶಾನಕ್ಕೆ ಕರೆದೊಯ್ದಳು. ಅಲ್ಲಿ ಬೂದು ಕಲ್ಲಿನ ಮೇಲೆ ಹೀಗಿದೆ:

"ಮೀನುಗಾರ ಆಂಡ್ರ್ಯೂ ಲೈಪರ್ ತನ್ನ ಪ್ರೀತಿಯ ಮಗಳು ಎಲ್ಸ್‌ಪೆತ್‌ಳ ನೆನಪಿಗೆ ನಿಲ್ಲಿಸಿದ್ದು. ನ್ಯೂಜಿಲೆಂಡಿನ ಡನೀಡಿನ್‌ನಲ್ಲಿ ನವೆಂಬರ್ 1928ರಲ್ಲಿ ತೀರಿಕೊಂಡಳು. ವಯಸ್ಸು 22. ಅಲ್ಲಿಯೇ ಮಣ್ಣಾದಳು."

ಅದರ ಕೆಳಗೆ: "ಮೇಲೆ ಹೇಳಿದ ಆಂಡ್ರ್ಯೂ ಲೈಪರ್, 1949ರಲ್ಲಿ ತೀರಿಕೊಂಡರು."

ನಾನು ಆ ಅಕ್ಷರಗಳ ಮೇಲೆ ಬೆರಳಿಟ್ಟು ಓದಿದೆ. ನಿನ್ನ ಹೆಸರು, ನಮ್ಮ ಊರು. ಹುಲ್ಲಿನ ಮೇಲೆ ಕೂತುಬಿಟ್ಟೆ. ನಾನು ನರ್ಸು, ಸತ್ತವರನ್ನು ದಿನಾ ನೋಡುವವಳು. ಹಾಗಿದ್ದೂ ರಾತ್ರಿಯೆಲ್ಲ ದೀಪ ಆರಿಸಲಿಲ್ಲ.

ಅಮ್ಮ, ಎಲ್ಸ್‌ಪೆತ್ ಲೈಪರ್ ಸತ್ತು ಮೂವತ್ತು ವರ್ಷವಾಗಿದ್ದರೆ ನನ್ನನ್ನು ಹೆತ್ತವಳು ಯಾರು? ಬೋ ಯಾರು? ಸತ್ತ ಹುಡುಗಿಯ ಹೆಸರನ್ನು ನೀನು ಎತ್ತಿಕೊಂಡೆಯಾ? ಅದಕ್ಕೇ ಇಲ್ಲಿಗೆ ಹೋಗಬೇಡ ಎಂದೆಯಾ?

ಏನಿದ್ದರೂ ಬರೆ. ಬೈದಾದರೂ ಬರೆ.

ಜಿಲ್


ಡನೀಡಿನ್
7 ಅಕ್ಟೋಬರ್ 1958

ಮಗಳೇ,

ನಿನ್ನ ಕಾಗದ ಓದುತ್ತಿರುವಾಗ ಒಲೆಯ ಮೇಲೆ ಹಾಲು ಉಕ್ಕಿ ಹರಿಯಿತು. ಕಣ್ಣೆದುರೇ ಹರಿಯಿತು, ಏಳಲಾಗಲಿಲ್ಲ.

ನಾನು ಎಲ್ಸ್‌ಪೆತ್ ಲೈಪರ್. ಆಂಡ್ರ್ಯೂ ಲೈಪರನ ಮಗಳು. ನಿನ್ನನ್ನು ಹೆತ್ತವಳು ನಾನೇ. ಕಲ್ಲಿನಲ್ಲಿ ಇರಬೇಕಾದವಳು ಇನ್ನೊಬ್ಬಳು.

ನಮ್ಮಲ್ಲಿ ಮೊದಲ ಹೆಣ್ಣಿಗೆ ತಾಯಿಯ ತಾಯಿ ಹೆಸರು, ಎರಡನೆಯದಕ್ಕೆ ತಂದೆಯ ತಾಯಿ ಹೆಸರು. ತಪ್ಪಿಸುವ ಹಾಗಿಲ್ಲ. ಅಪ್ಪ ಮತ್ತು ಚಿಕ್ಕಪ್ಪ ಇಬ್ಬರ ಎರಡನೆಯ ಹೆಣ್ಣುಮಕ್ಕಳಿಗೂ ಅವರ ತಾಯಿಯ ಹೆಸರೇ ಬಂತು, ಎಲ್ಸ್‌ಪೆತ್. ಒಂದೇ ವರ್ಷ ಹುಟ್ಟಿದೆವು. ಹೀಗೆ ಕೇರಿ ತುಂಬ ಒಂದೇ ಹೆಸರು ಇರುವುದರಿಂದಲೇ ಮನೆಮನೆಗೂ ಅಡ್ಡಹೆಸರು. ನಾವು ಕಾಸ್ಟಿ, ಅವರು ಬೋ. ಬೋ ಎಲ್ಸ್‌ಪೆತ್‌ಳ ಅಪ್ಪ ಅಮ್ಮ ತೀರಿಕೊಂಡ ಮೇಲೆ ಅವಳು ಬೆಳೆದದ್ದು ನಮ್ಮ ಮನೆಯಲ್ಲೇ, ನನ್ನ ಹಾಸಿಗೆಯಲ್ಲೇ. ನಾನು ನಿಮ್ಮಪ್ಪನ ಜೊತೆ ಹೊರಟಾಗ, ಮದುವೆಗೆ ಮೊದಲು ಒಂಟಿ ಹೆಣ್ಣು ಹಡಗಿನಲ್ಲಿ ಹೋಗಬಾರದು ಎಂದು ಅವಳೂ ಹೊರಟಳು. ಇಳಿದ ಮೇಲೆ ಜ್ವರ ಹಿಡಿಯಿತು. ಬಾಯಿಗೆ ನೀರು ಬಿಟ್ಟದ್ದು ನಾನೇ. ಮೀನಿನ ಕಾಲ ಶುರುವಾಯಿತಾ ಎಂದು ಕೇಳಿದಳು, ಅಷ್ಟೇ ಅವಳ ಕೊನೆಯ ಮಾತು.

ಊರಿಗೆ ಯಾರು ತಿಳಿಸುತ್ತೀರಿ ಎಂದು ಇಲ್ಲಿನ ಪಾದ್ರಿಗಳು ಕೇಳಿದರು. ನೀವೇ ಬರೆಯಿರಿ ಎಂದೆ. ನನ್ನ ಅಕ್ಷರ ಆ ಮನೆಗೆ ಹೋಗಕೂಡದಲ್ಲ. ಎಲ್ಸ್‌ಪೆತ್ ಲೈಪರ್, ಇಪ್ಪತ್ತೆರಡು ವರ್ಷ, ಆಂಡ್ರ್ಯೂ ಲೈಪರನ ಮನೆ, ಫಿಟ್ಟಿ. ಇಷ್ಟು ಬರೆಸಿದೆ. ಅಡ್ಡಹೆಸರನ್ನು ನಮ್ಮಲ್ಲಿ ಯಾರೂ ಪಾದ್ರಿಗಳ ಮುಂದೆ ಆಡುವುದಿಲ್ಲ, ಅದು ನಮ್ಮ ನಮ್ಮೊಳಗಿನ ಮಾತು. ನನಗೆ ಆ ಕ್ಷಣ ತೋಚಲೂ ಇಲ್ಲ. ಅಲ್ಲಿ ಓದಿದವರು ಏನು ತಿಳಿದುಕೊಂಡರು ಎಂದು ಈಗ ಕಾಣುತ್ತಿದೆ, ದೇವರೇ.

ಅಪ್ಪ ಹೋಗಿ ಒಂಬತ್ತು ವರ್ಷವೇ? ಮೊನ್ನೆ ಮೊನ್ನೆಯ ತನಕ ಟಪಾಲಿನವನ ಸೈಕಲ್ ಗಂಟೆ ಕೇಳಿದರೆ ಕೈ ಒರೆಸಿಕೊಂಡು ಹೊರಗೆ ಹೋಗುತ್ತಿದ್ದೆ. ಅಪ್ಪ ಬರೆಯುವುದು ಯಾರಿಗೆ, ಸತ್ತವಳಿಗಾ?

ನೀನು ವಾಪಸ್ ಹೋಗು. ನಿಮ್ಮಜ್ಜಿಗೆ ನಿನ್ನ ಹೆಸರು ಹೇಳು. ಜಿಲ್ ಅಲ್ಲ, ನಾಮಕರಣದ ಹೆಸರು. ಉಳಿದದ್ದು ಅವಳಿಗೇ ತಿಳಿಯುತ್ತದೆ. ಹೋಗಿ ಏನೆಂದಳು ಎಂದು ತಕ್ಷಣ ಬರೆ. ನಾನು ಇಲ್ಲಿ ಕೂತಲ್ಲಿ ಕೂರಲಾರೆ.

ಅಮ್ಮ


ಅಬರ್ಡೀನ್
17 ಅಕ್ಟೋಬರ್ 1958

ಪ್ರೀತಿಯ ಅಮ್ಮ,

ಹೋಗಿದ್ದೆ. ಈ ಸಲ ತಟ್ಟಲಿಲ್ಲ, ತಳ್ಳಿಕೊಂಡು ಒಳಗೆ ಹೋದೆ. ಅಜ್ಜಿ ಕಿಟಕಿಯ ಬಳಿ ಆಲೂಗಡ್ಡೆ ಹೆರೆಯುತ್ತಿದ್ದಳು. ಬೈಯಲು ಬಾಯಿ ತೆರೆದಳು. ನಾನು ಮೊದಲೇ ಹೇಳಿಬಿಟ್ಟೆ: "ಜಿಲ್ ಅಂತ ನಾನೇ ಇಟ್ಕೊಂಡಿದ್ದು. ಇಟ್ಟ ಹೆಸರು ಗ್ರಿಜೆಲ್. ನಾನು ಮೊದಲನೇ ಮಗಳು."

ಚಾಕು ಕೈಯಲ್ಲೇ ಉಳಿಯಿತು. ಅರ್ಧ ಹೆರೆದ ಆಲೂಗಡ್ಡೆಯನ್ನು ನೀರಿಗೆ ಹಾಕಿದಳು.

"ಬೋ ಹುಡುಗಿಯ ತಾಯಿ ಮಾರ್ಗರೆಟ್" ಎಂದಳು ಆಮೇಲೆ. "ಗ್ರಿಜೆಲ್ ನಾನು."

ಉಳಿದದ್ದನ್ನು ನೀನು ಬರೆದ ಹಾಗೇ ಹೇಳಿದೆ. ಜ್ವರ, ಪಾದ್ರಿ, ಅಡ್ಡಹೆಸರು ಎಲ್ಲ. ಅವಳು ಅಳುತ್ತಾಳೆ, ತಬ್ಬಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ನಾನೆಷ್ಟು ಪೆದ್ದಿ. ಅವಳ ಮುಖದ ಬಣ್ಣವೇ ಹೋಯಿತು. ನಾಡಿ ಹಿಡಿಯಲು ಹೋದರೆ ಕೈ ಕೊಡವಿದಳು. ಅವಳು ಹೇಳಿದ್ದನ್ನು ಬರೆಯದೆ ಬಿಡೋಣ ಎಂದು ಎರಡು ದಿನ ಯೋಚಿಸಿದೆ. ಆದರೆ ನಮ್ಮ ಮನೆಯಲ್ಲಿ ಬರೆಯದೆ ಬಿಟ್ಟದ್ದೇ ಸಾಕಷ್ಟಾಯಿತು.

"ಸತ್ತವಳು ಕಾಗದ ಬರೀಲಿಲ್ಲ ಅಂತ ನಾನು ಯಾವತ್ತೂ ಸಿಟ್ಟಾಗ್ಲಿಲ್ಲ" ಎಂದಳು. "ಪಾಪ, ಸತ್ತಿದಾಳೆ, ಹೆಂಗೆ ಬರೀತಾಳೆ. ಈಗ ಬಂದು ಬದುಕಿದಾಳೆ ಅಂತೀಯಾ. ಬದುಕಿದ್ದು ಬರೀಲಿಲ್ಲ ಅಂತೀಯಾ. ಇದಕ್ಕಿಂತ ಅವಳು ಸತ್ತಿದ್ದೇ ಚೆನ್ನಾಗಿತ್ತು ನನಗೆ."

ಅಪ್ಪ ಬೇಡ ಎಂದಿದ್ದಕ್ಕೆ ನೀನು ಬರೆಯಲಿಲ್ಲ ಎಂದೆ. ಅದಕ್ಕೆ ಅವಳು ಎದ್ದು ಹೋಗಿ ಪೆಟ್ಟಿಗೆಯಿಂದ ಒಂದು ಕಾಲುಚೀಲ ತಂದು ನನ್ನ ಮಡಿಲಿಗೆ ಎಸೆದಳು. ಉಣ್ಣೆಯದು, ನೀಲಿ, ಒಂದೇ ಕಾಲಿನದು. ಆ ವರ್ಷ ಹಿಮ ಬೀಳುವ ಮೊದಲು ಅಜ್ಜನೇ ಉಣ್ಣೆ ತಂದು ಕೊಟ್ಟನಂತೆ, ಹೊಸ ವರ್ಷಕ್ಕೆ ಹುಡುಗಿಗೆ ಕಳಿಸೋಣ, ಜೊತೆಗೆ ನಾನೇ ಎರಡು ಮಾತು ಬರೆಯುತ್ತೇನೆ ಎಂದನಂತೆ. ಎರಡನೆಯ ಕಾಲುಚೀಲ ಶುರುಮಾಡುವ ಮುಂಚೆ ಪಾದ್ರಿ ಬಾಗಿಲು ತಟ್ಟಿದ. ಆಮೇಲೆ ಸಾಯುವವರೆಗೂ ಅಜ್ಜ ಟ್ರಾಮ್ ಹತ್ತಲಿಲ್ಲ, ಎಲ್ಲಿಗೂ ನಡೆದೇ ಹೋಗುತ್ತಿದ್ದ. ತನ್ನ ತಮ್ಮಂದಿರಿಬ್ಬರು ಮುಳುಗಿ ಸತ್ತಾಗಲೂ ಕಲ್ಲು ನಿಲ್ಲಿಸದವನು ನಿನಗೆ ನಿಲ್ಲಿಸಿದ.

"ಹೋಗು" ಎಂದಳು ಕೊನೆಗೆ. "ನಾನು ಕರೆಯೋ ತನಕ ಬರಬೇಡ."

ನಿಮ್ಮ ಮನೆಯಲ್ಲಿ ಎಲ್ಲರೂ ಇದನ್ನೇ ಹೇಳುತ್ತೀರಿ, ಅಮ್ಮ.

ಗ್ರಿಜೆಲ್


ಡನೀಡಿನ್
26 ಅಕ್ಟೋಬರ್ 1958

ಗ್ರಿಜೆಲ್,

ಮೊದಲ ಸಲ ಪೂರ್ತಿ ಸಹಿ ಹಾಕಿದ್ದೀಯ. ಅದನ್ನೇ ನೋಡುತ್ತ ಕೂತಿದ್ದೆ.

ಆ ಕಾಲುಚೀಲದ ಮಾತು ಓದಿದ ಮೇಲೆ ಬೆಳಿಗ್ಗೆಯಿಂದ ಯಾವ ಕೆಲಸವೂ ಕೈಗೆ ಹತ್ತುತ್ತಿಲ್ಲ. ಅಪ್ಪನ ಮೇಲೆ ಮೂವತ್ತು ವರ್ಷ ಸಿಟ್ಟು ಇಟ್ಟುಕೊಂಡಿದ್ದೆ, ಅದರ ಬಲದಲ್ಲೇ ಗಟ್ಟಿಯಾಗಿ ನಿಂತಿದ್ದೆ. ಈಗ ಅದನ್ನೂ ಕಿತ್ತುಕೊಂಡಿರಿ. ಅಮ್ಮ ಹೇಳಿದ್ದನ್ನು ಎರಡು ಸಲ ಓದಿ ಕಾಗದ ಮಡಿಸಿಟ್ಟೆ.

ಹಡಗಿನ ಕಚೇರಿಗೆ ಹೋಗಿದ್ದೆ. ನವೆಂಬರ್ ಕೊನೆಗೆ ವೆಲಿಂಗ್ಟನ್‌ನಿಂದ ಒಂದು ಹಡಗಿದೆ. ಟಿಕೆಟ್ ತೆಗೆಯದೆ ಹೊರಗೆ ಬಂದುಬಿಟ್ಟೆ. ಸಮುದ್ರಕ್ಕೆ ನಾನು ಹೆದರುವವಳಲ್ಲ. ಅಷ್ಟು ದೂರ ಹೋಗಿ ಆ ಬಾಗಿಲು ನನ್ನ ಮುಖಕ್ಕೆ ಮುಚ್ಚಿಕೊಂಡರೆ, ಅದನ್ನು ತಡೆಯುವ ಶಕ್ತಿ ನನಗಿಲ್ಲ. ಅವಳಿಗೂ ವಯಸ್ಸು ಎಪ್ಪತ್ತು ದಾಟಿದೆ. ಕರೆಯಲಿ ಬಿಡಲಿ, ಹೋಗಿ ಕೇಳು. ಬರಲಾ, ಬೇಡವಾ. ಅವಳು ಹೇಳಿದ್ದನ್ನು ಹಾಗೆಯೇ ಬರೆ, ಸಕ್ಕರೆ ಹಾಕಬೇಡ.

ಬಾ ಎಂದರೆ, ಸ್ಟೇಷನ್ನಿನಿಂದ ಹೇಗೆ ಬರಬೇಕು ಎಂದೂ ಬರೆ. ನನಗೆ ಗೊತ್ತಿದ್ದುದು ಟ್ರಾಮ್ ಒಂದೇ.

ಅಮ್ಮ


ಅಬರ್ಡೀನ್
4 ನವೆಂಬರ್ 1958

ಅಮ್ಮ,

ನಿನ್ನ ಕಾಗದ ನಿನ್ನೆ ಮಧ್ಯಾಹ್ನ ಬಂತು. ಅದನ್ನು ಹಿಡಿದು ನಾನು ಫಿಟ್ಟಿಗೆ ಹೊರಡುವ ಮೊದಲೇ ಫಿಟ್ಟಿ ಇಲ್ಲಿಗೆ ಬಂತು. ಮಿಸೆಸ್ ಮಚ್ ಅಡಿಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದಳು. ಹಿತ್ತಿಲ ಬಾಗಿಲು ತಳ್ಳಿಕೊಂಡು ಕಪ್ಪು ಶಾಲಿನ ಮುದುಕಿಯೊಬ್ಬಳು ಒಳಗೆ ಬಂದು ಒಲೆಯ ಮುಂದಿನ ಕುರ್ಚಿಯಲ್ಲಿ ಕೂತಳು. ಮಿಸೆಸ್ ಮಚ್ ಕಿರುಚಿದ್ದು ಮೂರನೆಯ ಮಹಡಿಗೆ ಕೇಳಿಸಿತು. "ಮನೇಲಿ ಜನ ಇದಾರೆ ಅಂತ ಬಂದೆ, ಕಿರುಚೋಕೆ ಏನಾಯ್ತು" ಎಂದಳಂತೆ ಅಜ್ಜಿ. ನನ್ನ ವಿಳಾಸ ಕೊಟ್ಟವಳು ಜೀನ್.

ನನ್ನನ್ನು ಕಂಡು, ಸ್ಮಶಾನಕ್ಕೆ ಹೋಗಬೇಕು, ಮೆಟ್ಟಿಲಲ್ಲಿ ಕೈ ಹಿಡಿಯಲು ಬಾ ಎಂದಳು. ಹೋದೆವು. ಕಲ್ಲಿನ ಮುಂದೆ ನಿಂತು ಅವಳು ಮಾತಾಡಿದ್ದು ನನ್ನ ಜೊತೆಗಲ್ಲ, ಬೋ ಹುಡುಗಿಯ ಜೊತೆ.

"ಮೂವತ್ತು ವರ್ಷ ನಿನ್ನ ಬೈದೆ, ಮಗಾ" ಎಂದಳು. "ಕೃತಘ್ನಿ ಅಂದೆ, ಕೈ ಸೇದೋಗ್ಲಿ ಅಂದೆ. ನೀನು ನೋಡಿದ್ರೆ ಆ ಮಣ್ಣಲ್ಲಿದ್ದೆ. ನಿನಗೋಸ್ಕರ ಒಬ್ಬರೂ ಅಳಲಿಲ್ಲ."

ಆಗ ಅತ್ತಳು. ನಾನು ಮುಖ ತಿರುಗಿಸಿಕೊಂಡು ನಿಂತೆ, ನಾನೂ ಅತ್ತೆ. ನಿನ್ನ ಹೆಸರು ತೆಗೆಸಬೇಕಲ್ಲ ಎಂದು ಕೇಳಿದ್ದಕ್ಕೆ, ಅಲ್ಲಿರುವುದರಲ್ಲಿ ಹೆಸರೂ ನಿಜ, ಊರೂ ನಿಜ, ವಯಸ್ಸೂ ನಿಜ, ನಮ್ಮ ಮನೆಯಲ್ಲೇ ಬೆಳೆದವಳು ಮಗಳೂ ಹೌದು, ಬೋ ಹುಡುಗಿಗೂ ಒಂದು ಕಲ್ಲು ಬೇಕಲ್ಲ, ಇರಲಿ ಎಂದಳು. ಆಮೇಲೆ ಮೂಗು ಒರೆಸಿಕೊಂಡು ನಿನ್ನ ಕಾಗದ ಓದು ಎಂದಳು. ಅಲ್ಲೇ ಗಾಳಿಯಲ್ಲಿ ನಿಂತು ಓದಿದೆ. ಬರಲಾ ಬೇಡವಾ ಎಂಬ ಕಡೆ ಬಂದಾಗ ತಡೆದಳು. ಅವಳ ಮಾತನ್ನು ಹಾಗೆಯೇ ಬರೆಯುತ್ತಿದ್ದೇನೆ, ಸಕ್ಕರೆ ಹಾಕಿಲ್ಲ.

"ಅವಳಿಗೆ ಬರಿ. ನಾನು ಅವಳನ್ನ ಕ್ಷಮಿಸಿಲ್ಲ. ಬೈಯೋದು ಬೇಕಾದಷ್ಟಿದೆ, ಅಷ್ಟು ದೂರಕ್ಕೆ ಕೇಳ್ಸಲ್ಲ. ಬಂದು ಎದುರಿಗೆ ನಿಂತು ಕೇಳ್ಲಿ."

ಅಷ್ಟು ಹೇಳಿ ನಾಲ್ಕು ಹೆಜ್ಜೆ ನಡೆದು, ಕಾಲು ದಪ್ಪ ಆಗಿದೆಯಾ ಅವಳಿಗೆ, ಕೇಳಿ ಬರೆ ಎಂದಳು. ನೀಲಿ ಉಣ್ಣೆ ಇನ್ನೂ ಒಂದು ಉಂಡೆ ಉಳಿದಿದೆಯಂತೆ.

ಟಿಕೆಟ್ ತೆಗೆ. ನಾನು ಸ್ಟೇಷನ್ನಿಗೆ ಬರುತ್ತೇನೆ. ಪಾಳಿ ಬದಲಾಗಿ ಬರಲಾಗದಿದ್ದರೆ ಹೀಗೆ ಮಾಡು. ಹೊರಗೆ ಬಂದು ಏರು ರಸ್ತೆ ಹತ್ತು, ಯೂನಿಯನ್ ಸ್ಟ್ರೀಟಿನಲ್ಲಿ ಬಲಕ್ಕೆ ತಿರುಗಿ ಕಾಸಲ್‌ಗೇಟ್ ತನಕ ನಡೆ, ಅಲ್ಲಿಂದ ಬಂದರಿನ ಬಾಯಿಯ ಕಡೆ ಇಳಿ. ಗಾಳಿ, ಮೀನಿನ ವಾಸನೆ ಬಂದರೆ ದಾರಿ ಸರಿಯಿದೆ ಎಂದರ್ಥ. ಕೋಟಿನ ಗುಂಡಿ ಕತ್ತಿನವರೆಗೂ ಹಾಕಿಕೋ. ಮೂಲೆಯ ಮನೆ ನಿನಗೆ ಗೊತ್ತೇ ಇದೆ.

ಒಂದು ಮಾತನ್ನು ಅಜ್ಜಿ ಎರಡು ಸಲ ಹೇಳಿ, ಬರೆದೆಯಾ ಎಂದು ಮೂರನೆಯ ಸಲ ಕೇಳಿದಳು. ನೀನು ಬಾಗಿಲು ತಟ್ಟಿದರೆ ಅವಳು ತೆಗೆಯುವುದಿಲ್ಲವಂತೆ.

ಗ್ರಿಜೆಲ್